ಕಾರ್ಪೆಟ್ ತೊಳೆಯುವ ವೃತ್ತಿಗೆ ಸ್ಪ್ರೇಯರ್ ಆರಿಸಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಕಾರ್ಪೆಟ್ ತೊಳೆಯುವ ಕೆಲಸಕ್ಕೆ ಇಳಿದವರು ನೀರು ಚಿಮ್ಮಿಸಿ ಹೀರಿಕೊಳ್ಳುವ ಎಕ್ಸ್‌ಟ್ರಾಕ್ಷನ್ ಯಂತ್ರ ಕೊಳ್ಳುವಾಗ ಹತ್ತು ಕಡೆ ವಿಚಾರಿಸುತ್ತಾರೆ, ನಾಲ್ಕು ಕಡೆ ಕೊಟೇಶನ್ ತರಿಸುತ್ತಾರೆ. ಕೆಮಿಕಲ್ ಸಿಂಪಡಿಸುವ ಪಂಪನ್ನು, ಅಂದರೆ ಸ್ಪ್ರೇಯರನ್ನು ಮಾತ್ರ ದಾರಿಯಲ್ಲಿ ಸಿಕ್ಕ ಅಂಗಡಿಯಿಂದ ಎತ್ತಿಕೊಂಡು ಬರುತ್ತಾರೆ. ನಾನೂ ಆ ಗುಂಪಿಗೇ ಸೇರಿದವನು. ಮೂರು ಪಂಪು ಹಾಳಾದ ಮೇಲಷ್ಟೇ ಬುದ್ಧಿ ಬಂತು. ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗರು, ಸಣ್ಣ ಗುತ್ತಿಗೆದಾರರು ಮತ್ತು ಕಚೇರಿಗಳ ಹೌಸ್‌ಕೀಪಿಂಗ್ ಮೇಲ್ವಿಚಾರಕರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಎಕ್ಸ್‌ಟ್ರಾಕ್ಷನ್ ಯಂತ್ರವೇ ನೀರು ಸಿಂಪಡಿಸುತ್ತದೆಯಲ್ಲ, ಬೇರೆ ಸ್ಪ್ರೇಯರ್ ಏಕೆ ಬೇಕು?

ಯಂತ್ರ ಚಿಮ್ಮಿಸಿದ ನೀರನ್ನು ಒಂದೆರಡು ಸೆಕೆಂಡಿನಲ್ಲಿ ಅದೇ ಯಂತ್ರ ಹೀರಿಕೊಳ್ಳುತ್ತದೆ. ಅಷ್ಟು ಹೊತ್ತಿನಲ್ಲಿ ಎಣ್ಣೆಜಿಡ್ಡು ಕರಗುವುದಿಲ್ಲ, ಕಾಫಿ–ಟೀ ಕಲೆ ಸಡಿಲವಾಗುವುದಿಲ್ಲ. ಮನೆಯಲ್ಲಿ ಅಂಗಿಯ ಕಾಲರಿಗೆ ಸೋಪು ಹಚ್ಚಿ ಸ್ವಲ್ಪ ಹೊತ್ತು ನೆನೆಯಲು ಬಿಟ್ಟು ಆಮೇಲೆ ಉಜ್ಜುವಂತೆ, ಕಾರ್ಪೆಟ್ಟಿಗೂ ಮೊದಲು ಪ್ರೀ-ಸ್ಪ್ರೇ ಎಂಬ ಕೆಮಿಕಲ್ ದ್ರಾವಣ ಹೊಡೆದು, ಹತ್ತರಿಂದ ಹದಿನೈದು ನಿಮಿಷ ನೆನೆಯಲು ಬಿಟ್ಟು, ಬ್ರಷ್ಷಿನಿಂದ ಕೆದಕಿ, ನಂತರವೇ ಯಂತ್ರ ಹಾಯಿಸಬೇಕು. ಕೊಳೆಯನ್ನು ಬಿಡಿಸುವುದು ಪ್ರೀ-ಸ್ಪ್ರೇ. ಬಿಟ್ಟ ಕೊಳೆಯನ್ನು ಹೊರಕ್ಕೆ ತರುವುದು ಯಂತ್ರ.

ಈ ಹಂತವನ್ನು ಉಳಿಸಲು ಕೆಮಿಕಲ್ಲನ್ನು ಯಂತ್ರದ ಟ್ಯಾಂಕಿಗೇ ಸುರಿಯುವವರಿದ್ದಾರೆ. ಆಗ ಕೊಳೆನೀರಿನ ಟ್ಯಾಂಕಿನಲ್ಲಿ ನೊರೆ ಏಳುತ್ತದೆ, ನೊರೆ ವ್ಯಾಕ್ಯೂಮ್ ಮೋಟಾರಿನತ್ತ ಹೋಗುತ್ತದೆ, ಕಾರ್ಪೆಟ್ಟಿನಲ್ಲಿ ಉಳಿದ ಅಂಟು ಎರಡೇ ವಾರದಲ್ಲಿ ಹೊಸ ಧೂಳನ್ನು ಹಿಡಿಯುತ್ತದೆ.

ಸ್ಪ್ರೇಯರ್ ಕೊಳ್ಳುವಾಗ ಮೊದಲು ಏನನ್ನು ನೋಡಬೇಕು? ಎಷ್ಟು ಲೀಟರ್ ಎಂಬುದನ್ನೇ?

ಎಲ್ಲರೂ ಕೇಳುವುದು ಲೀಟರನ್ನೇ, ಆದರೆ ಅದನ್ನು ಕೊನೆಯಲ್ಲಿ ನೋಡಬೇಕು. ಲೆಕ್ಕ ದ್ರಾವಣ ಚಿಮ್ಮುವ ತುದಿಯಾದ ನಾಜಲ್‌ನಿಂದ ಶುರುವಾಗಿ ಹಿಂದಕ್ಕೆ ಟ್ಯಾಂಕಿನವರೆಗೆ ಹೋಗಬೇಕು: ಕಾರ್ಪೆಟ್ಟಿಗೆ ಎಷ್ಟು ದ್ರಾವಣ ಬೇಕು, ಅದನ್ನು ಎಷ್ಟು ಹೊತ್ತಿನಲ್ಲಿ ಹೊಡೆಯಬೇಕು, ಅದಕ್ಕೆ ಎಂಥ ನಾಜಲ್ ಮತ್ತು ಎಷ್ಟು ಒತ್ತಡ ಬೇಕು, ಆ ದ್ರಾವಣವನ್ನು ತಡೆದುಕೊಳ್ಳುವ ವಾಷರ್ ಯಾವುದು. ಇಷ್ಟು ಗೊತ್ತಾದ ಮೇಲೆ ಟ್ಯಾಂಕಿನ ಅಳತೆ ತಾನಾಗಿ ತೀರ್ಮಾನವಾಗುತ್ತದೆ.

ಒಂದು ಉದಾಹರಣೆ ನೋಡೋಣ. ನನ್ನ ಕೆಲಸದಲ್ಲಿ ನೂರು ಚದರಡಿಗೆ ಹೆಚ್ಚುಕಡಿಮೆ ಎರಡು ಲೀಟರ್ ದ್ರಾವಣ ಹಿಡಿಯುತ್ತದೆ. ಜನ ಹೆಚ್ಚು ಓಡಾಡುವ ಕಾರಿಡಾರಿಗೆ ಎರಡೂವರೆ, ಅಷ್ಟಾಗಿ ಬಳಸದ ಮೀಟಿಂಗ್ ಕೋಣೆಗೆ ಒಂದೂವರೆ. ನಿಮಿಷಕ್ಕೆ 1.2 ಲೀಟರ್ ಬಿಡುವ ನಾಜಲ್ ಇದ್ದರೆ ಒಂದು ನಿಮಿಷದಲ್ಲಿ 60 ಚದರಡಿ, ಹತ್ತು ನಿಮಿಷದಲ್ಲಿ 600 ಚದರಡಿ ಹೊಡೆದು ಮುಗಿಸಬಹುದು. ಆದರೆ ಹಿಂದೆ ಬರುವ ಯಂತ್ರ ಅಷ್ಟು ವೇಗವಾಗಿ ಬರುವುದಿಲ್ಲ. ನನ್ನ ಇಬ್ಬರು ಹುಡುಗರು ಒಂದು ಪೋರ್ಟಬಲ್ ಯಂತ್ರದಲ್ಲಿ 300 ಚದರಡಿ ಮುಗಿಸಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ಹಾಗಿರುವಾಗ 600 ಚದರಡಿಗೆ ಮುಂಚೆಯೇ ಹೊಡೆದಿಟ್ಟರೆ ಕೊನೆಯ ಭಾಗ ಯಂತ್ರ ಬರುವಷ್ಟರಲ್ಲಿ ಒಣಗಿರುತ್ತದೆ, ಬಿಡಿಸಿದ ಕೊಳೆ ಮತ್ತೆ ನೂಲಿಗೇ ಅಂಟಿಕೊಂಡಿರುತ್ತದೆ. ಆದ್ದರಿಂದ ಒಮ್ಮೆಗೆ ಹೊಡೆಯಬೇಕಾದದ್ದು 300 ಚದರಡಿ, ಅಂದರೆ ಆರು ಲೀಟರ್. ಅಂಗಡಿಯವನು ತೋರಿಸುವ ಇಪ್ಪತ್ತು ಲೀಟರಿನ ಟ್ಯಾಂಕು ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಗಮನಿಸಿ. ದೊಡ್ಡ ಟ್ಯಾಂಕು ಮತ್ತೆ ಮತ್ತೆ ತುಂಬಿಸುವ ತಾಪತ್ರಯವನ್ನು ಉಳಿಸುತ್ತದೆ, ಕೆಲಸದ ವೇಗವನ್ನು ಹೆಚ್ಚಿಸುವುದಿಲ್ಲ.

ನಾಜಲ್ ಮೇಲೆ 8003, 11004 ಎಂದೆಲ್ಲ ಕೊರೆದಿರುತ್ತದೆ. ಅದರ ಅರ್ಥವೇನು?

ಮೊದಲ ಅಂಕಿಗಳು ಬೀಸಣಿಗೆಯಂತೆ ಹರಡುವ ನೀರಿನ ಕೋನ, ಕೊನೆಯ ಎರಡು ಅಂಕಿಗಳು ಹರಿವು. 8003 ಎಂದರೆ 80 ಡಿಗ್ರಿ ಕೋನ, 40 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ 0.3 ಅಮೆರಿಕನ್ ಗ್ಯಾಲನ್. ನಮ್ಮ ಅಳತೆಯಲ್ಲಿ ಹೇಳುವುದಾದರೆ, 3 ಬಾರ್ ಒತ್ತಡದಲ್ಲಿ 02 ನಾಜಲ್ ನಿಮಿಷಕ್ಕೆ 0.8 ಲೀಟರ್, 03 ನಾಜಲ್ 1.2 ಲೀಟರ್, 04 ನಾಜಲ್ 1.6 ಲೀಟರ್ ಬಿಡುತ್ತದೆ. ಐಎಸ್‌ಒ ಬಣ್ಣದ ಪದ್ಧತಿಯನ್ನು ಅನುಸರಿಸುವ ತಯಾರಕರಾದರೆ 02 ಹಳದಿ, 03 ನೀಲಿ, 04 ಕೆಂಪು. ಮಬ್ಬು ಬೆಳಕಿನ ಸರ್ವಿಸ್ ಲಿಫ್ಟಿನಲ್ಲಿ ನಿಂತು ನಾಜಲ್ ಬದಲಿಸುವವನಿಗೆ ಈ ಬಣ್ಣವೇ ದೊಡ್ಡ ಉಪಕಾರ.

ಕೋನವನ್ನು ಎತ್ತರದ ಜೊತೆಗೆ ನೋಡಬೇಕು. 80 ಡಿಗ್ರಿ ನಾಜಲನ್ನು ಕಾರ್ಪೆಟ್ಟಿನಿಂದ 45 ಸೆಂಟಿಮೀಟರ್ ಎತ್ತರದಲ್ಲಿ ಹಿಡಿದರೆ ಸುಮಾರು 75 ಸೆಂಟಿಮೀಟರ್ ಅಗಲದ ಪಟ್ಟಿ ಒದ್ದೆಯಾಗುತ್ತದೆ. 110 ಡಿಗ್ರಿಯದಾದರೆ ಪಟ್ಟಿ ಸುಮಾರು 1.3 ಮೀಟರಿಗೆ ಹಿಗ್ಗುತ್ತದೆ. ವಿಶಾಲವಾದ ಬ್ಯಾಂಕ್ವೆಟ್ ಹಾಲಿಗೆ ಎರಡನೆಯದು ಸರಿ, ಮೇಜು ಕುರ್ಚಿಗಳ ಕಾಲುಗಳ ನಡುವೆ ನುಗ್ಗಬೇಕಾದ ಕಚೇರಿಗೆ ಮೊದಲನೆಯದೇ ಸರಿ. ಪಟ್ಟಿಯ ಅಂಚಿನಲ್ಲಿ ನೀರು ತೆಳುವಾಗಿ ಬೀಳುವುದರಿಂದ ಒಂದು ಪಟ್ಟಿಯ ಮೇಲೆ ಇನ್ನೊಂದು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಹಾಯ್ದಿರಬೇಕು.

ತೋಟಕ್ಕೆ ಔಷಧಿ ಹೊಡೆಯುವ ಪಂಪನ್ನೇ ಬಳಸಬಹುದೇ? ಊರಿನಲ್ಲಿ ಒಂದು ಇದೆ.

ಊರಿನಲ್ಲಿರುವುದು ಊರಿನಲ್ಲೇ ಇರಲಿ. ಒಮ್ಮೆ ಕೀಟನಾಶಕ ಅಥವಾ ಕಳೆನಾಶಕ ತುಂಬಿದ ಟ್ಯಾಂಕನ್ನು ಎಷ್ಟು ತೊಳೆದರೂ ಮಕ್ಕಳು ಹೊರಳಾಡುವ ಕಾರ್ಪೆಟ್ಟಿಗೆ ಬಳಸಬಾರದು. ಪ್ಲಾಸ್ಟಿಕ್ಕಿನ ಗೋಡೆಯಲ್ಲಿ, ಪೈಪಿನೊಳಗೆ, ವಾಷರಿನಲ್ಲಿ ವಿಷ ಇಂಗಿ ಕೂತಿರುತ್ತದೆ.

ಅದೇ ಮಾದರಿಯ ಹೊಸ ಪಂಪು ಕೊಂಡರೆ ಕೆಲಸ ನಡೆಯುತ್ತದೆ, ಆದರೆ ಎರಡು ಬದಲಾವಣೆ ಬೇಕು. ಇಂಥ ಪಂಪಿನ ಜೊತೆ ಬಹುತೇಕ ಬರುವುದು ಕೋನ್ ಆಕಾರದಲ್ಲಿ ಮಂಜಿನಂತೆ ಎರಚುವ ನಾಜಲ್. ಎಲೆಯ ಅಡಿಗೂ ಔಷಧಿ ತಲುಪಲಿ ಎಂದು ಮಾಡಿದ್ದು ಅದು. ಮುಚ್ಚಿದ ಕಿಟಕಿಗಳ ಕಚೇರಿಯಲ್ಲಿ ಅದೇ ಮಂಜು ನೂಲಿನ ಬುಡಕ್ಕೆ ಇಳಿಯದೆ ಮೇಲೆಯೇ ತೇಲಿ, ಹೊಡೆಯುವವನ ಮೂಗಿಗೂ ಪಕ್ಕದ ಮೇಜಿನ ಮಾನಿಟರಿಗೂ ಹೋಗುತ್ತದೆ. ಅದನ್ನು ತೆಗೆದು ಚಪ್ಪಟೆ ಬೀಸಣಿಗೆಯ ನಾಜಲ್ ಹಾಕಿ. ಎರಡನೆಯದು ವಾಷರ್, ಅದರ ಮಾತು ಮುಂದೆ ಬರುತ್ತದೆ.

ಐದು ಲೀಟರಿನ ಕೈಪಂಪು ಸಾಕೇ, ಬ್ಯಾಟರಿ ಪಂಪೇ ಬೇಕೇ?

ಕೈಪಂಪಿನಲ್ಲಿ ನಾವು ತುಂಬಿದ ಗಾಳಿಯೇ ದ್ರಾವಣವನ್ನು ಹೊರಗೆ ದೂಡುತ್ತದೆ. ದ್ರಾವಣ ಹೊರಗೆ ಹೋದಂತೆ ಗಾಳಿಗೆ ಜಾಗ ಹೆಚ್ಚಿ ಒತ್ತಡ ಇಳಿಯುತ್ತದೆ. ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುವುದರಿಂದ, 3 ಬಾರ್ ಇದ್ದದ್ದು 0.75 ಬಾರ್‌ಗೆ ಇಳಿದಾಗ ಹರಿವು ಸರಿಯಾಗಿ ಅರ್ಧವಾಗುತ್ತದೆ, ಬೀಸಣಿಗೆಯೂ ಕುಗ್ಗುತ್ತದೆ. ಹುಡುಗನ ನಡಿಗೆ ಮಾತ್ರ ಅದೇ ವೇಗದಲ್ಲಿರುತ್ತದೆ. ಪರಿಣಾಮವಾಗಿ ಕೋಣೆಯ ಬಾಗಿಲ ಹತ್ತಿರ ಎರಡು ಪಾಲು, ಕಿಟಕಿಯ ಹತ್ತಿರ ಒಂದು ಪಾಲು ಕೆಮಿಕಲ್ ಬಿದ್ದು, ಒಣಗಿದ ಮೇಲೆ ಒಂದೇ ಕೋಣೆ ಎರಡು ಬಣ್ಣದಲ್ಲಿ ಕಾಣುತ್ತದೆ. ಆಗ ಗ್ರಾಹಕರು ಯಂತ್ರವನ್ನು ಬೈಯುತ್ತಾರೆ, ನಾವು ಕೆಮಿಕಲ್ಲನ್ನು ಬೈಯುತ್ತೇವೆ. ಕೈಪಂಪನ್ನೇ ಬಳಸುವವರು ನೂರು ಚದರಡಿಗೊಮ್ಮೆ ನಿಂತು ಮತ್ತೆ ಗಾಳಿ ಹೊಡೆಯುವ ಅಭ್ಯಾಸ ಮಾಡಿಕೊಂಡರೆ ಈ ದೋಷ ಬಹುಮಟ್ಟಿಗೆ ತಪ್ಪುತ್ತದೆ.

ಬ್ಯಾಟರಿ ಪಂಪಿನ ನಿಜವಾದ ಲಾಭ ಈ ಸಮ ಒತ್ತಡ. ಟ್ರಿಗರ್ ಬಿಟ್ಟ ಕೂಡಲೇ ಮೋಟಾರು ತಾನಾಗಿ ನಿಲ್ಲುವ ಪ್ರೆಷರ್ ಸ್ವಿಚ್ ಇರುವುದನ್ನೇ ಕೊಳ್ಳಿ. ಅದಿಲ್ಲದಿದ್ದರೆ ಪಂಪಿನೊಳಗಿನ ರಬ್ಬರಿನ ಪರದೆ (ಡಯಾಫ್ರಾಮ್) ಬೇಗ ಸವೆಯುತ್ತದೆ. ತೂಕದ ಬಗ್ಗೆ ಪ್ರಾಮಾಣಿಕವಾಗಿ ಯೋಚಿಸಿ: 16 ಲೀಟರ್ ನೀರೇ 16 ಕಿಲೋ, ಅದರ ಮೇಲೆ ಪಂಪಿನ ಮತ್ತು ಲೆಡ್-ಆಸಿಡ್ ಬ್ಯಾಟರಿಯ ಭಾರ. ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಅದನ್ನು ಬೆನ್ನಿಗೆ ಹಾಕಿಕೊಂಡು ನಡೆಯುವವನು ಮನುಷ್ಯ. ನಾನು 16 ಲೀಟರಿನ ಟ್ಯಾಂಕಿಗೆ ಎಂಟು ಲೀಟರಿಗಿಂತ ಹೆಚ್ಚು ತುಂಬಿಸಲು ಬಿಡುವುದಿಲ್ಲ. ಲಿಥಿಯಂ ಬ್ಯಾಟರಿಯದಾದರೆ ಹಗುರ, ಬೆಲೆ ಹೆಚ್ಚು. ಲೆಡ್-ಆಸಿಡ್ ಬ್ಯಾಟರಿಯನ್ನು ಖಾಲಿಯಾದ ಸ್ಥಿತಿಯಲ್ಲಿ ವಾರಗಟ್ಟಲೆ ಇಟ್ಟರೆ ಅದು ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಕೆಲಸ ಮುಗಿದ ದಿನವೇ ಚಾರ್ಜಿಗೆ ಹಾಕಬೇಕು.

ಮನೆಗಳ ಕೆಲಸ ಮಾತ್ರ ಮಾಡುವವರಿಗೆ ಐದರಿಂದ ಎಂಟು ಲೀಟರಿನ ಒಳ್ಳೆಯ ಕೈಪಂಪು, ಜೊತೆಗೆ ಕಲೆಗಳಿಗೆಂದು ಒಂದು ಲೀಟರಿನ ಸಣ್ಣ ಬಾಟಲಿ ಸಾಕು.

ಇನ್‌ಲೈನ್ ಸ್ಪ್ರೇಯರ್ ಎಂದರೇನು? ಅದು ಎಲ್ಲಕ್ಕಿಂತ ಉತ್ತಮ ಎನ್ನುತ್ತಾರೆ.

ಎಕ್ಸ್‌ಟ್ರಾಕ್ಷನ್ ಯಂತ್ರದ ನೀರಿನ ಪೈಪಿಗೇ ಸಿಕ್ಕಿಸುವ ಗನ್ ಅದು. ಅದರ ಕೆಳಗಿನ ಬಾಟಲಿಯಲ್ಲಿ ಗಟ್ಟಿ ಕೆಮಿಕಲ್ ಇರುತ್ತದೆ. ಯಂತ್ರದ ನೀರು ರಭಸದಿಂದ ಹಾಯುವಾಗ ನಿಗದಿತ ಪ್ರಮಾಣದಲ್ಲಿ, ಉದಾಹರಣೆಗೆ ಎಂಟಕ್ಕೆ ಒಂದರಂತೆ, ಅದನ್ನು ಎಳೆದುಕೊಂಡು ಬೆರೆಸುತ್ತದೆ. ಬೆನ್ನಿಗೆ ಭಾರವಿಲ್ಲ, ಬಿಸಿನೀರಿನ ಯಂತ್ರವಾದರೆ ದ್ರಾವಣವೂ ಬಿಸಿಯಾಗಿಯೇ ಬೀಳುತ್ತದೆ. ಹೋಟೆಲಿನ ದೊಡ್ಡ ಹಾಲುಗಳಿಗೆ ಇದು ನಿಜಕ್ಕೂ ಉತ್ತಮ.

ತೊಡಕು ಇರುವುದು ಯಂತ್ರದ ಒತ್ತಡದಲ್ಲಿ. ಸಣ್ಣ ಯಂತ್ರಗಳ ಪಂಪು 100 ಪಿಎಸ್‌ಐ ಸುಮಾರಿನದಾಗಿದ್ದರೆ ಕೆಮಿಕಲ್ಲನ್ನು ಎಳೆಯುವಷ್ಟು ರಭಸವೇ ಬರದೆ ಬರೀ ನೀರು ಬೀಳುತ್ತಿರುತ್ತದೆ, ನೋಡುವವರಿಗೆ ಅದು ತಿಳಿಯುವುದೂ ಇಲ್ಲ. ಬಾಟಲಿಯಲ್ಲಿ ಮಾರ್ಕರ್‌ನಿಂದ ಗೆರೆ ಎಳೆದು, ಐದು ನಿಮಿಷ ಹೊಡೆದು, ಮಟ್ಟ ಎಷ್ಟು ಇಳಿಯಿತೆಂದು ನೋಡಿದ ಮೇಲೆಯೇ ನಂಬಬೇಕು. ಇನ್ನೊಂದು ಮಾತು: ಹೊಡೆಯುವ ಕೆಲಸ ನಡೆಯುವಷ್ಟು ಹೊತ್ತು ಯಂತ್ರದ ನೀರಿನ ಪೈಪು ಇದಕ್ಕೇ ಮೀಸಲಾಗುವುದರಿಂದ, ಇಬ್ಬರು ಏಕಕಾಲಕ್ಕೆ ಕೆಲಸ ಮಾಡುವ ತಂಡಕ್ಕೆ ಬೇರೆಯದೇ ಪಂಪು ಅನುಕೂಲ.

ಹೊಸ ಪಂಪು ಎರಡೇ ತಿಂಗಳಲ್ಲಿ ಸೋರತೊಡಗಿತು. ಅಗ್ಗದ ಮಾಲು ಕೊಂಡದ್ದೇ ತಪ್ಪೇ?

ಬೆಲೆಗಿಂತ ಹೆಚ್ಚಾಗಿ ವಾಷರಿಗೂ ಕೆಮಿಕಲ್ಲಿಗೂ ಹೊಂದದಿರುವುದೇ ಕಾರಣವಾಗಿರುತ್ತದೆ. ವಾಷರಾಗಿ ಕೂರುವ ಕಪ್ಪು ಓ-ರಿಂಗ್‌ಗಳೆಲ್ಲ ನೋಡಲು ಒಂದೇ, ಆದರೆ ಒಳಗಿನ ರಬ್ಬರು ಬೇರೆ ಬೇರೆ. ಇಪಿಡಿಎಂ ರಬ್ಬರು ಕ್ಷಾರದ ದ್ರಾವಣ ಮತ್ತು ಬಿಸಿನೀರಿಗೆ ಚೆನ್ನಾಗಿ ಬಾಳುತ್ತದೆ. ಎಣ್ಣೆ, ಪೆಟ್ರೋಲಿಯಂ ದ್ರಾವಕ ಮತ್ತು ಕಿತ್ತಳೆ ಸಿಪ್ಪೆಯ ಎಣ್ಣೆ ಇರುವ ಸಿಟ್ರಸ್ ಕೆಮಿಕಲ್ ತಗುಲಿದರೆ ಉಬ್ಬಿಕೊಳ್ಳುತ್ತದೆ. ವಿಟಾನ್ ರಬ್ಬರು ಎಣ್ಣೆ, ಸಿಟ್ರಸ್ ಮತ್ತು ಅನೇಕ ಆಮ್ಲಗಳನ್ನು ತಡೆಯುತ್ತದೆ. ಅಸಿಟೋನಿನಂಥ ದ್ರಾವಕ ಅದಕ್ಕೂ ಆಗಿಬರುವುದಿಲ್ಲ. ನೈಟ್ರೈಲ್ ರಬ್ಬರು ಮಾಮೂಲಿ ಸೋಪಿನ ದ್ರಾವಣಕ್ಕೆ ಸಾಕು, ಅಸಿಟೋನ್ ಅದಕ್ಕೂ ಶತ್ರುವೇ.

ಇದನ್ನು ನಾನು ಕಲಿತದ್ದು ಒಂದು ಶನಿವಾರ ರಾತ್ರಿ. ಕ್ಯಾಂಟೀನಿನ ಜಿಡ್ಡಿಗೆಂದು ಸಿಟ್ರಸ್ ಕೆಮಿಕಲ್ಲನ್ನು ಇಪಿಡಿಎಂ ವಾಷರಿನ ಪಂಪಿಗೆ ತುಂಬಿದ್ದೆ. ಮೊದಲ ಗಂಟೆ ಏನೂ ಆಗಲಿಲ್ಲ. ನಂತರ ಟ್ರಿಗರ್ ಒತ್ತಿದರೆ ಒಳಗೇ ಕಚ್ಚಿಕೊಂಡಿತು, ಬಿಟ್ಟರೂ ನೀರು ನಿಲ್ಲಲಿಲ್ಲ. ಬಿಚ್ಚಿ ನೋಡಿದರೆ ಕಡಲೆಬೇಳೆಯಷ್ಟಿದ್ದ ರಿಂಗು ಉದ್ದಿನವಡೆಯಂತೆ ದಪ್ಪವಾಗಿ ತನ್ನ ಗುಳಿಯಿಂದ ಹೊರಗೆ ಉಬ್ಬಿ ಕೂತಿತ್ತು. ಆ ಹೊತ್ತಿನಲ್ಲಿ ತೆರೆದಿರುವ ಅಂಗಡಿ ಯಾವುದು? ಉಳಿದ ಆರುನೂರು ಚದರಡಿಗೆ ಸಣ್ಣ ಬಾಟಲಿಯಲ್ಲೇ ಹೊಡೆದು ಮುಗಿಸಿದೆವು. ಅಂದಿನಿಂದ ಪೆಟ್ಟಿಗೆಯಲ್ಲಿ ವಿಟಾನ್ ರಿಂಗಿನ ಒಂದು ಕಿಟ್ಟು ಸದಾ ಇರುತ್ತದೆ.

ವಾಷರಿನ ಜೊತೆ ಒಳಗಿನ ಸ್ಪ್ರಿಂಗನ್ನೂ ವಿಚಾರಿಸಿ. ಸಾಮಾನ್ಯ ಉಕ್ಕಿನ ಸ್ಪ್ರಿಂಗ್ ಆಮ್ಲದ ದ್ರಾವಣಕ್ಕೆ ತುಕ್ಕು ಹಿಡಿದು, ಆ ತುಕ್ಕು ಕಂದು ಚುಕ್ಕೆಗಳಾಗಿ ಕಾರ್ಪೆಟ್ಟಿನ ಮೇಲೆಯೇ ಬೀಳುತ್ತದೆ.

ಬಿಸಿನೀರು ತುಂಬಬಹುದೇ?

ಪಂಪಿನ ಮೇಲೆ ಬರೆದ ಮಿತಿಯೊಳಗೆ ಮಾತ್ರ. ಪ್ಲಾಸ್ಟಿಕ್ ಪಂಪುಗಳಿಗೆ ಉಗುರುಬೆಚ್ಚಗಿನ ನೀರೇ ಸಾಕು. ಗೀಸರಿನ ಸುಡುನೀರು ತುಂಬಿ ಗಾಳಿ ಹೊಡೆದರೆ ಮೆತ್ತಗಾದ ಟ್ಯಾಂಕು ಒತ್ತಡಕ್ಕೆ ಬಿರಿಯಬಹುದು.

ಬೆಂಗಳೂರಿನ ನೀರಿಗೂ ನಾಜಲ್ ಕಟ್ಟಿಕೊಳ್ಳುವುದಕ್ಕೂ ಸಂಬಂಧವಿದೆಯೇ?

ನೇರ ಸಂಬಂಧವಿದೆ. ಒಂದೇ ಊರಿನಲ್ಲಿ ಎರಡು ಬಗೆಯ ನೀರು ನಮಗೆ ಸಿಗುತ್ತದೆ. ಕಾವೇರಿ ನೀರು ಬರುವ ಕಟ್ಟಡದಲ್ಲಿ ಇಡೀ ತಿಂಗಳು ತೊಂದರೆ ಕೊಡದ ಪಂಪು, ವೈಟ್‌ಫೀಲ್ಡ್ ಅಥವಾ ಸರ್ಜಾಪುರದ ಕಡೆ ಬೋರ್‌ವೆಲ್ ನೀರು ತುಂಬಿಸಿದ ವಾರದಲ್ಲೇ ಬೀಸಣಿಗೆಯ ಬದಲು ಎರಡು ಕವಲಾಗಿ ಚಿಮ್ಮತೊಡಗುತ್ತದೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ನಗರಕ್ಕೆ ಸೇರಿದ 110 ಹಳ್ಳಿಗಳ ಕಡೆಗೂ ಕಾವೇರಿ ನೀರು ಹರಿಯತೊಡಗಿದರೂ, ಒಂದೇ ಸಂಪಿಗೆ ಕಾವೇರಿ, ಬೋರು, ಟ್ಯಾಂಕರು ಮೂರೂ ಬೀಳುವ ಕಟ್ಟಡಗಳು ಈಗಲೂ ಬೇಕಾದಷ್ಟಿವೆ.

ಬೋರಿನ ಇಂಥ ಗಡಸು ನೀರು ಎರಡು ರೀತಿಯಲ್ಲಿ ಕಾಡುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕೆಮಿಕಲ್ಲಿನ ಒಂದು ಪಾಲನ್ನು ತಾವೇ ತಿಂದುಹಾಕುತ್ತವೆ. ಕ್ಷಾರದ ಪ್ರೀ-ಸ್ಪ್ರೇ ಬೆರೆಸಿದಾಗ ಬಿಳಿ ಕಣಗಳಾಗಿ ಬೇರ್ಪಟ್ಟು ಫಿಲ್ಟರಿನಲ್ಲೂ ನಾಜಲ್ಲಿನಲ್ಲೂ ಸೇರಿಕೊಳ್ಳುತ್ತವೆ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಒಪ್ಪಬಹುದಾದ ಮಟ್ಟ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಅವಕಾಶ. ನಾನು 200ರ ಮೇಲಿನ ನೀರನ್ನು ಪ್ರೀ-ಸ್ಪ್ರೇ ಬೆರೆಸಲು ಬಳಸುವುದಿಲ್ಲ. ಹತ್ತಾರು ಲೀಟರ್ ಮೆದುನೀರನ್ನು ಕ್ಯಾನಿನಲ್ಲಿ ಗಾಡಿಯಲ್ಲೇ ಒಯ್ಯುತ್ತೇನೆ. ಜಾಲಾಡಲು ಬೇಕಾದ ನೂರಾರು ಲೀಟರಿಗೆ ಕಟ್ಟಡದ ನೀರೇ ಗತಿ. ಮೊಬೈಲಿನಷ್ಟು ಪುಟ್ಟ ಟಿಡಿಎಸ್ ಮೀಟರು ತೋರಿಸುವುದು ಕರಗಿದ ಎಲ್ಲ ಲವಣಗಳ ಮೊತ್ತವನ್ನು. ಗಡಸುತನಕ್ಕೆ ಬಣ್ಣ ಬದಲಿಸುವ ಕಾಗದದ ಪಟ್ಟಿ ಬೇರೆ ಸಿಗುತ್ತದೆ, ಅದನ್ನೇ ಬಳಸಬೇಕು.

ಕಟ್ಟಿಕೊಂಡ ನಾಜಲನ್ನು ಪಿನ್ನಿನಿಂದ ಚುಚ್ಚಬೇಡಿ. ತೂತಿನ ಅಂಚು ಒಮ್ಮೆ ಗೀರಿದರೆ ಬೀಸಣಿಗೆ ಮತ್ತೆ ಸರಿಹೋಗುವುದಿಲ್ಲ. ದಿನಸಿ ಅಂಗಡಿಯ ನಿಂಬೆ ಉಪ್ಪನ್ನು ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಹಾಕಿ, ಅದರಲ್ಲಿ ನಾಜಲನ್ನು ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಸಾಕು.

ಐಟಿ ಕಚೇರಿಗಳಲ್ಲಿ ಕಾರ್ಪೆಟ್ ಟೈಲ್ ಇರುತ್ತದೆ. ಅದಕ್ಕೆ ಬೇರೆ ಸ್ಪ್ರೇಯರ್ ಬೇಕೇ?

ಸ್ಪ್ರೇಯರ್ ಅದೇ, ನಾಜಲ್ ಬೇರೆ. ಟೈಲ್ ಎಂದರೆ ಸಾಮಾನ್ಯವಾಗಿ ಅರ್ಧ ಮೀಟರಿನ ಚೌಕ, ಸುತ್ತಲೂ ಸಂದು. ಆ ಸಂದಿನಿಂದ ಇಳಿದ ನೀರು ಕೆಳಗಿನ ಅಂಟನ್ನು ಸಡಿಲಿಸಿ ಅಂಚನ್ನು ಮೇಲಕ್ಕೆ ಎಬ್ಬಿಸುತ್ತದೆ. ಹೊರವರ್ತುಲ ರಸ್ತೆಯ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಅನೇಕ ಕಚೇರಿಗಳಲ್ಲಿ ಟೈಲಿನ ಕೆಳಗಿರುವುದು ಸಿಮೆಂಟ್ ನೆಲವಲ್ಲ, ಕಂಬಗಳ ಮೇಲೆ ಕೂರಿಸಿದ ತಟ್ಟೆಗಳು. ಅವುಗಳ ಅಡಿಯಲ್ಲಿ ಕರೆಂಟು ಮತ್ತು ನೆಟ್‌ವರ್ಕ್ ತಂತಿಗಳು. ಮೇಜುಗಳ ಬಳಿ ನೆಲದಲ್ಲೇ ಮುಚ್ಚಳವಿರುವ ಪ್ಲಗ್ ಪೆಟ್ಟಿಗೆಗಳಿರುತ್ತವೆ. ನನ್ನ ತಂಡದ ಹುಡುಗನೊಬ್ಬ 04 ನಾಜಲ್ಲಿನಲ್ಲಿ ಅಂಥ ಮುಚ್ಚಳದ ಮೇಲೆಯೇ ಹಾಯಿಸಿ ಒಂದು ಸಾಲು ಮೇಜುಗಳ ಕರೆಂಟು ಕಡಿಯುವ ಸ್ವಿಚ್ಚು (ಎಂಸಿಬಿ) ಬಿದ್ದುಹೋಗಿತ್ತು. ಅದೃಷ್ಟಕ್ಕೆ ಯಾರಿಗೂ ಶಾಕ್ ಹೊಡೆಯಲಿಲ್ಲ. ತಪ್ಪು ಅವನದಲ್ಲ, ಹೇಳಿಕೊಡದ ನನ್ನದು. ಈಗ ಕೆಲಸ ಶುರುವಾಗುವ ಮುಂಚೆ ಕಟ್ಟಡ ನೋಡಿಕೊಳ್ಳುವ ಫೆಸಿಲಿಟಿಯವರಿಂದ ಆ ಸಾಲಿನ ಕರೆಂಟು ತೆಗೆಸಿ, ಪೆಟ್ಟಿಗೆಗಳ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, 02 ನಾಜಲ್ಲಿನಲ್ಲೇ ಹೊಡೆಯುತ್ತೇವೆ.

ಟೈಲುಗಳಿಗೆ ಈಗ ಹೆಚ್ಚಾಗಿ ಬಳಸುವುದು ಕಡಿಮೆ ನೀರಿನ ಎನ್‌ಕ್ಯಾಪ್ಸುಲೇಷನ್ ವಿಧಾನ. ಅದರ ಕೆಮಿಕಲ್ ಒಣಗಿ ಹರಳಾಗಿ, ಕೊಳೆಯನ್ನು ತನ್ನೊಳಗೆ ಹಿಡಿದುಕೊಂಡು, ಮುಂದೆ ವ್ಯಾಕ್ಯೂಮಿನಲ್ಲಿ ಹೋಗುತ್ತದೆ. ಅದೇ ಹರಳು ನಾಜಲ್ಲಿನಲ್ಲೂ ಕಟ್ಟುತ್ತದೆ. ಚಹಾ ವಿರಾಮಕ್ಕೆ ಹೋಗುವ ಮುನ್ನವೂ ಒಂದು ನಿಮಿಷ ಬರೀ ನೀರು ಹಾಯಿಸಬೇಕು.

ಗನ್ ನಿಲ್ಲಿಸಿದ ಮೇಲೂ ತೊಟ್ಟಿಕ್ಕುತ್ತದೆ. ಅದು ದೊಡ್ಡ ವಿಷಯವೇ?

ಕಾರ್ಪೆಟ್ಟಿನಲ್ಲಿ ದೊಡ್ಡ ವಿಷಯವೇ. ತೊಟ್ಟು ಬಿದ್ದಲ್ಲೆಲ್ಲ ನಾಣ್ಯದಗಲ ಹೆಚ್ಚು ಬೆಳ್ಳಗಾಗಿ, ಮಾಡಿದ ಕೆಲಸವೆಲ್ಲ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ. ನಾಜಲ್ಲಿನ ಹತ್ತಿರವೇ ತೊಟ್ಟು ತಡೆಯುವ ಸಣ್ಣ ವಾಲ್ವ್ ಇರುವ ಗನ್ ಕೊಳ್ಳಿ.

ಉಣ್ಣೆ ಮತ್ತು ರೇಷ್ಮೆಯ ಕಾರ್ಪೆಟ್ಟುಗಳಿಗೆ?

ಉಣ್ಣೆಗೆ ಕ್ಷಾರ ಹೆಚ್ಚಾದರೆ ನಾರು ಹಾಳಾಗುತ್ತದೆ, ಬಣ್ಣ ಹಳದಿಗೆ ತಿರುಗುತ್ತದೆ. ಕ್ಷಾರದ ಮಟ್ಟ ತೋರಿಸುವ ಪಿಎಚ್ ಅಂಕಿ ಎಂಟೂವರೆ ದಾಟದ, ಉಣ್ಣೆಗೆಂದೇ ಮಾಡಿದ ಕೆಮಿಕಲ್, ಕಡಿಮೆ ಒತ್ತಡ, 02 ನಾಜಲ್ ಬಳಸಬೇಕು. ಕಚೇರಿಯ ನೈಲಾನ್ ಕಾರ್ಪೆಟ್ಟಿಗೆ ಹತ್ತರ ಸುಮಾರಿನ ಪಿಎಚ್ ಹೊಡೆದ ಪಂಪನ್ನು ತೊಳೆಯದೆ ಮಾರನೆಯ ದಿನ ಯಾರದೋ ಮನೆಯ ಉಣ್ಣೆ ಕಾರ್ಪೆಟ್ಟಿಗೆ ಒಯ್ಯುವುದು ಈ ವೃತ್ತಿಯಲ್ಲಿ ಅತಿ ಸುಲಭವಾಗಿ ಆಗುವ ತಪ್ಪು. ಕೈನೇಯ್ಗೆಯ ಕಾಶ್ಮೀರಿ ರೇಷ್ಮೆಯಾದರೆ ಪಂಪನ್ನೇ ಹೊರಗಿಡಿ. ಮೂಲೆಯಲ್ಲಿ ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿ; ಬಿಟ್ಟರೆ ಆ ಕೆಲಸವನ್ನು ಅದರಲ್ಲೇ ಪಳಗಿದವರಿಗೆ ಒಪ್ಪಿಸುವುದು ಮರ್ಯಾದೆ.

ಕಲೆ ತೆಗೆಯುವ ಹೈಡ್ರೋಜನ್ ಪೆರಾಕ್ಸೈಡನ್ನು ಪಂಪಿನಲ್ಲಿ ಉಳಿಸಿ ಇಡಬಹುದೇ?

ಖಂಡಿತ ಇಡಬಾರದು. ಅದು ಸದಾ ಆಮ್ಲಜನಕ ಬಿಡುತ್ತಿರುತ್ತದೆ, ಮುಚ್ಚಿದ ಟ್ಯಾಂಕಿನಲ್ಲಿ ಒತ್ತಡ ಏರುತ್ತಾ ಹೋಗಿ ಸಿಡಿಯಬಹುದು. ಬೇಕಾದಷ್ಟನ್ನೇ ಸಣ್ಣ ಬಾಟಲಿಗೆ ಹಾಕಿಕೊಂಡು, ಕೆಲಸ ಮುಗಿದ ಕೂಡಲೇ ಉಳಿದದ್ದನ್ನು ಹೇರಳ ನೀರಿನೊಂದಿಗೆ ಚೆಲ್ಲಿ. ಹಾಗೆಯೇ ಹೊತ್ತಿಕೊಳ್ಳುವ ದ್ರಾವಕಗಳನ್ನು ಬ್ಯಾಟರಿ ಪಂಪಿಗೆ ಹಾಕಬೇಡಿ. ಮೋಟಾರಿನ ಕಿಡಿ ಸಾಕು. ಅವು ಬಟ್ಟೆಗೆ ಹಚ್ಚಿ ಒತ್ತುವ ವಸ್ತುಗಳು, ಸಿಂಪಡಿಸುವ ವಸ್ತುಗಳಲ್ಲ. ಬ್ಲೀಚು ಇದ್ದ ಪಂಪಿಗೆ ಆಮ್ಲವನ್ನಾಗಲಿ ಅಮೋನಿಯಾ ಇರುವುದನ್ನಾಗಲಿ ಹಾಕಿದರೆ ವಿಷಾನಿಲ ಹುಟ್ಟುತ್ತದೆ.

ಇದಕ್ಕಾಗಿಯೇ ನನ್ನ ಬಳಿ ಕ್ಷಾರಕ್ಕೊಂದು, ಆಮ್ಲದ ದ್ರಾವಣದಿಂದ ಜಾಲಾಡಲು ಒಂದು ಪಂಪು ಬೇರೆ ಬೇರೆ ಇವೆ. ಒಂದರ ಹಿಡಿಗೆ ಹಳದಿ, ಇನ್ನೊಂದರ ಹಿಡಿಗೆ ಕೆಂಪು ಟೇಪು ಸುತ್ತಿದೆ. ಓದಲು ಬಾರದ ಹುಡುಗನಿಗೂ ಬಣ್ಣ ತಿಳಿಯುತ್ತದೆ.

ಮಾಸ್ಕು, ಕನ್ನಡಕ ನಿಜವಾಗಿಯೂ ಬೇಕೇ?

ಬೇಕು. ಕ್ಷಾರದ ಹನಿ ಕಣ್ಣಿಗೆ ಆಮ್ಲಕ್ಕಿಂತ ಆಳವಾಗಿ ಇಳಿಯುತ್ತದೆ. ಕಣ್ಣನ್ನು ಪೂರ್ತಿ ಮುಚ್ಚುವ ಕನ್ನಡಕ, ನೈಟ್ರೈಲ್ ಕೈಗವಸು, ಎಸಿ ನಿಲ್ಲಿಸಿದ ಕೋಣೆಯಲ್ಲಿ ಮಾಸ್ಕು ಇಷ್ಟು ಇರಲೇಬೇಕು. ಪಂಪಿನ ಮುಚ್ಚಳ ತೆರೆಯುವ ಮೊದಲು ಒತ್ತಡ ಬಿಡುವ ವಾಲ್ವನ್ನು ಎಳೆದು ಗಾಳಿಯನ್ನು ಪೂರ್ತಿ ಹೊರಗೆ ಬಿಡಬೇಕು. ಕೆಮಿಕಲ್ಲಿನ ಸುರಕ್ಷತಾ ಮಾಹಿತಿ ಪತ್ರವನ್ನು ಅನೇಕ ಕಚೇರಿಗಳ ಫೆಸಿಲಿಟಿಯವರು ಗೇಟಿನಲ್ಲೇ ಕೇಳುತ್ತಾರೆ, ಒಂದು ಪ್ರತಿ ಪೆಟ್ಟಿಗೆಯಲ್ಲಿರಲಿ.

ಅಂಗಡಿಯಲ್ಲಿ ಪರೀಕ್ಷಿಸುವುದು ಹೇಗೆ?

ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳ ಸಾಲಿಗೆ ಹೋಗುವುದಾದರೆ ಜೇಬಿನಲ್ಲಿ ಎರಡು ಲೀಟರಿನ ಅಳತೆ ಜಗ್ಗು ಹಿಡಿಸದು, ಚೀಲದಲ್ಲಿ ಒಯ್ಯಿರಿ. ಅರ್ಧ ಬಕೆಟ್ಟು ನೀರು ಕೇಳಿ ಪಂಪಿಗೆ ತುಂಬಿ, ಅಂಗಡಿಯ ಮುಂದಿನ ಒಣ ಸಿಮೆಂಟಿನ ಮೇಲೆ ಒಂದೇ ವೇಗದಲ್ಲಿ ಕೈ ಹಾಯಿಸಿ. ಒದ್ದೆಯಾದ ಪಟ್ಟಿ ಒಣಗುವುದನ್ನು ಎರಡು ನಿಮಿಷ ನಿಂತು ನೋಡಿ: ನಡುವೆ ಒಂದು ಗೆರೆ ಮಾತ್ರ ಕಪ್ಪಾಗಿ ಉಳಿದು ಅಕ್ಕಪಕ್ಕ ಬೇಗ ಒಣಗಿದರೆ ಆ ನಾಜಲ್ ಸಮವಾಗಿ ಹಂಚುತ್ತಿಲ್ಲ. ನಂತರ ಜಗ್ಗಿನೊಳಗೆ ಸರಿಯಾಗಿ ಒಂದು ನಿಮಿಷ ಬಿಟ್ಟು ಅಳೆದು, ಆ ಅಂಕಿಯನ್ನು ಪಂಪಿನ ತಳದಲ್ಲಿ ಮಾರ್ಕರ್‌ನಿಂದ ಬರೆದಿಡಿ. ಮುಂದೆ ತಿಂಗಳಿಗೊಮ್ಮೆ ಅದೇ ಪರೀಕ್ಷೆ ಮಾಡಿ, ಹರಿವು ಶೇಕಡ 10ಕ್ಕಿಂತ ಹೆಚ್ಚಾಗಿದ್ದರೆ ನಾಜಲ್ ಸವೆದಿದೆ ಎಂದು ತಿಳಿದು ಬದಲಿಸಬೇಕು.

ಕೊನೆಗೆ ಕೇಳಬೇಕಾದ ಪ್ರಶ್ನೆ, "ಅಣ್ಣಾ, ಇದರ ವಾಷರ್ ಕಿಟ್ ಇದೆಯಾ?" ಎಂಬುದು. "ಮೊದಲು ಪಂಪು ತಗೊಳ್ಳಿ ಸಾರ್, ಕಿಟ್ ಆಮೇಲೆ ತರಿಸಿಕೊಡ್ತೀನಿ" ಎಂದರೆ ನಾನು ಮುಂದಿನ ಅಂಗಡಿಗೆ ಹೋಗುತ್ತೇನೆ.

ಕೆಲಸ ಮುಗಿದ ಮೇಲೆ ಪಂಪನ್ನು ತೊಳೆದ ನೀರು, ಉಳಿದ ದ್ರಾವಣ ಎಲ್ಲಿಗೆ?

ರಸ್ತೆಬದಿಯ ಮಳೆನೀರಿನ ಚರಂಡಿಗೆ ಬೇಡ. ಅದು ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಹೋಗುತ್ತದೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು ಕಂಡ ಊರು ನಮ್ಮದು. ಕಟ್ಟಡದವರನ್ನು ಕೇಳಿ ಶೌಚಾಲಯದ ಒಳಚರಂಡಿಗೇ ಹಾಕಿ. ಕೊಳಚೆನೀರು ಶುದ್ಧೀಕರಿಸುವ ಸ್ವಂತ ಎಸ್‌ಟಿಪಿ ಇರುವ ಅಪಾರ್ಟ್‌ಮೆಂಟಿನಲ್ಲಿ ಹತ್ತಾರು ಲೀಟರ್ ದ್ರಾವಣವನ್ನು ಒಮ್ಮೆಗೇ ಸುರಿಯಬೇಡಿ, ಅದರ ನಿರ್ವಾಹಕರಿಗೆ ಮೊದಲೇ ತಿಳಿಸಿ. ಆಮೇಲೆ ಪಂಪಿಗೆ ಎರಡು ಸಲ ಶುದ್ಧ ನೀರು ತುಂಬಿ ನಾಜಲ್ಲಿನ ಮೂಲಕವೇ ಹೊರಗೆ ಬಿಟ್ಟು, ಗಾಳಿ ಇಳಿಸಿ, ಮುಚ್ಚಳ ತೆಗೆದು, ತಲೆಕೆಳಗಾಗಿ ನೆರಳಿನಲ್ಲಿ ಇಡಿ.